212 ಉತ್ತರ ಬಂದಿವೆ, ಇನ್ನಷ್ಟು ಬೇಕೇ?

ಪ್ರಶ್ನೆ: ನಾನು ಸಮಾಜಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿನಿ. ‘ಮೊಬೈಲ್ ಬಳಕೆಯಿಂದ ಯುವಜನರ ಸಾಮಾಜಿಕ ಸಂಬಂಧಗಳು ಹಾಳಾಗುತ್ತಿವೆಯೇ?’ ಎಂಬ ಕಿರು ಸಂಶೋಧನೆ ಮಾಡುತ್ತಿದ್ದೇನೆ. ಗೂಗಲ್ ಫಾರ್ಮ್‌ನಲ್ಲಿ 25 ಪ್ರಶ್ನೆ ಹಾಕಿ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದೆ. 212 ಜನ ತುಂಬಿದ್ದಾರೆ, ಅವರಲ್ಲಿ ಶೇ 68 ಮಂದಿ ‘ಹೌದು’ ಎಂದಿದ್ದಾರೆ. ಆದರೂ ಮಾರ್ಗದರ್ಶಕರು ‘ಪರಿಕಲ್ಪನೆ ಸ್ಪಷ್ಟವಿಲ್ಲ, ಸಿದ್ಧಾಂತ ಎಲ್ಲಿದೆ, ನಮೂನೆ (ಸ್ಯಾಂಪಲ್) ಯಾವ ಬಗೆಯದು?’ ಎಂದು ಬರೆದು ವಾಪಸ್ ಕೊಟ್ಟಿದ್ದಾರೆ. ಇನ್ನಷ್ಟು ಜನರಿಂದ ತುಂಬಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. 212 ಅನ್ನು 2,000 ಮಾಡಿದರೂ ಆ ಮೂರು ಪ್ರಶ್ನೆಗಳು ಇದ್ದಲ್ಲೇ ಇರುತ್ತವೆ. ಈಗಾಗಲೇ ಬಂದಿರುವ ಉತ್ತರಗಳನ್ನು ಎಸೆಯಬೇಕಾಗಿಯೂ ಇಲ್ಲ. ಅವುಗಳಿಂದ ಏನು ಹೇಳಬಹುದು, ಏನು ಹೇಳಬಾರದು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಶೀರ್ಷಿಕೆಯನ್ನೇ ನೋಡಿ. ‘ಬಳಕೆಯಿಂದ’ ಎಂದಿದ್ದೀರಿ. ಆ ‘ಇಂದ’ ಪ್ರತ್ಯಯ ಕಾರಣವನ್ನು ಹೇಳಿಬಿಡುತ್ತದೆ, ಹುಡುಕುವ ಮೊದಲೇ. ‘ಹಾಳು’ ಎಂಬುದು ಮೌಲ್ಯ ನಿರ್ಣಯ. ‘ಆಗುತ್ತಿವೆ’ ಎನ್ನುವಾಗ ಮುಂಚೆ ಒಂದು ಸ್ಥಿತಿ ಇತ್ತು, ಈಗ ಬದಲಾಗುತ್ತಿದೆ ಎಂದಾಯಿತು. ಒಂದೇ ಸಲ ನಡೆಸಿದ ಸಮೀಕ್ಷೆ ಕಾಲದ ಬದಲಾವಣೆಯನ್ನು ತೋರಿಸಲಾರದು. ಅದಕ್ಕೆ ಅದೇ ಪ್ರಶ್ನೆಯನ್ನು ಬೇರೆ ಬೇರೆ ಕಾಲದಲ್ಲಿ ಕೇಳಿರಬೇಕು. ಒಂದು ಸಾಲಿನಲ್ಲಿ ಮೂರು ವಾದ, ಮೂರಕ್ಕೂ ನಿಮ್ಮಲ್ಲಿ ಸಾಕ್ಷ್ಯವಿಲ್ಲ. ಇದನ್ನು ಹೀಗೆ ತಿದ್ದಬಹುದು: ‘ಮೊಬೈಲನ್ನು ಹೆಚ್ಚು ಹೊತ್ತು ಬಳಸುವ ವಿದ್ಯಾರ್ಥಿಗಳಿಗೂ ಕಡಿಮೆ ಬಳಸುವವರಿಗೂ ಆಪ್ತರ ಸಂಖ್ಯೆಯಲ್ಲಿ ಮತ್ತು ಒಂಟಿತನದ ಭಾವನೆಯಲ್ಲಿ ವ್ಯತ್ಯಾಸವಿದೆಯೇ?’ ಇದರಲ್ಲಿ ರೋಚಕತೆ ಕಡಿಮೆ, ನಿಜ. ಆದರೆ ಈ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೂ ಬರಬಹುದು. ಹಳೆಯ ಶೀರ್ಷಿಕೆ ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ.

ಇನ್ನು ಆ ಶೇ 68. ಅದು ಸಂಬಂಧಗಳ ಸ್ಥಿತಿಯನ್ನು ಹೇಳುವ ಅಂಕಿಯಲ್ಲ, ಸಂಬಂಧಗಳ ಬಗ್ಗೆ ಜನ ಏನೆಂದುಕೊಂಡಿದ್ದಾರೆ ಎಂಬುದರ ಅಂಕಿ. ಈ ಎರಡನ್ನು ಬೆರೆಸುವುದು ಹೊಸಬರ ಪ್ರಬಂಧಗಳಲ್ಲಿ ಪದೇಪದೇ ಕಾಣುವ ತಪ್ಪು. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಚೀನೀ ಮೂಲದ ದಂಪತಿಯೊಡನೆ ದೇಶ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಬಾಗಿಲು ಮುಚ್ಚಿದ್ದು ಒಂದೇ ಕಡೆ. ಆಮೇಲೆ ಅದೇ ಜಾಗಗಳಿಗೆ ‘ಚೀನೀಯರನ್ನು ಒಳಗೆ ಬಿಡುವಿರಾ?’ ಎಂದು ಪತ್ರ ಬರೆದಾಗ ಉತ್ತರ ಕೊಟ್ಟವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದರು. 1934ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ದೋಷಗಳಿವೆ. ಪತ್ರಕ್ಕೆ ಉತ್ತರಿಸಿದವರೂ ಬಾಗಿಲಲ್ಲಿ ಬರಮಾಡಿಕೊಂಡವರೂ ಒಬ್ಬರೇ ಎಂದು ಹೇಳಲಾಗದು. ಆದರೂ ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಎಷ್ಟು ದೂರವಿರಬಹುದು ಎಂಬುದಕ್ಕೆ ಇವತ್ತಿಗೂ ಇದನ್ನೇ ಎತ್ತಿ ತೋರಿಸುತ್ತಾರೆ.

ಹಾಗಾದರೆ ‘ಸಾಮಾಜಿಕ ಸಂಬಂಧ’ವನ್ನು ಅಳೆಯುವುದು ಹೇಗೆ? ಪರಿಕಲ್ಪನೆ ಸ್ಪಷ್ಟವಿಲ್ಲ ಎಂದು ಮಾರ್ಗದರ್ಶಕರು ಹೇಳಿದ್ದು ಇದನ್ನೇ. ಪರಿಕಲ್ಪನೆ ಕಣ್ಣಿಗೆ ಕಾಣುವುದಿಲ್ಲ, ಅದರ ಗುರುತುಗಳು ಮಾತ್ರ ಕಾಣುತ್ತವೆ. ಮೊದಲು ಅದನ್ನು ಮುಖಗಳಾಗಿ ಒಡೆಯಬೇಕು: ಎಷ್ಟು ಜನರೊಡನೆ ಒಡನಾಟ, ಎಷ್ಟು ಸಲ ಭೇಟಿ, ಕಷ್ಟಕ್ಕೆ ಒದಗುವವರು ಇದ್ದಾರೆಯೇ, ಒಳಗೆ ಅನಿಸುವುದೇನು. ಇವು ಒಟ್ಟಿಗೇ ಏರಿಳಿಯಬೇಕೆಂದಿಲ್ಲ. ದಿನವೂ ಹತ್ತು ಜನರನ್ನು ಭೇಟಿಯಾಗುವವರಿಗೂ ಒಂಟಿತನ ಕಾಡಬಹುದು. ಆಮೇಲೆ ಪ್ರತಿ ಮುಖಕ್ಕೂ ಒಂದು ಸೂಚಕ, ಪ್ರತಿ ಸೂಚಕಕ್ಕೂ ಒಂದು ಪ್ರಶ್ನೆ. ಪರಿಕಲ್ಪನೆಯಿಂದ ಪ್ರಶ್ನೆಯವರೆಗಿನ ಈ ಇಳಿತಕ್ಕೇ ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ.

ನಿಮ್ಮ ವಿಷಯಕ್ಕೆ ಎರಡು ಮುಖ ಸಾಕು. ಒಂಟಿತನಕ್ಕೆ ಮೂರು ಪ್ರಶ್ನೆಗಳ ಚಿಕ್ಕ ಮಾಪಕವೊಂದು ಬಳಕೆಯಲ್ಲಿದೆ. ಜೊತೆಗೆ ಯಾರೂ ಇಲ್ಲವೆಂದು, ತನ್ನನ್ನು ಹೊರಗಿಟ್ಟಿದ್ದಾರೆಂದು, ಇತರರಿಂದ ಬೇರೆಯಾಗಿದ್ದೇನೆಂದು ಎಷ್ಟು ಸಲ ಅನಿಸುತ್ತದೆ ಎಂದು ಕೇಳಿ, ‘ಅಪರೂಪಕ್ಕೆ’ಗೆ 1, ‘ಕೆಲವೊಮ್ಮೆ’ಗೆ 2, ‘ಆಗಾಗ’ಕ್ಕೆ 3 ಅಂಕ ಕೊಡುವುದು. ಮೊತ್ತ 3ರಿಂದ 9ರೊಳಗೆ ಬರುತ್ತದೆ. ‘ಒಂಟಿತನ’ ಎಂಬ ಪದವನ್ನೇ ಬಳಸದಿರುವುದು ಇದರ ಜಾಣತನ, ಏಕೆಂದರೆ ಹಾಗೆ ನೇರವಾಗಿ ಕೇಳಿದರೆ ಒಪ್ಪಿಕೊಳ್ಳಲು ಹಲವರು ಹಿಂಜರಿಯುತ್ತಾರೆ.

ಆಪ್ತರ ಸಂಖ್ಯೆಗೆ ‘ನಿಮಗೆ ಎಷ್ಟು ಆಪ್ತ ಸ್ನೇಹಿತರಿದ್ದಾರೆ?’ ಎಂದು ಕೇಳಬೇಡಿ. ‘ಆಪ್ತ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ಕಳೆದ 6 ತಿಂಗಳಲ್ಲಿ ನಿಮಗೆ ಮುಖ್ಯವೆನಿಸಿದ ವಿಷಯಗಳನ್ನು ಯಾರ ಯಾರ ಜೊತೆ ಮಾತಾಡಿದ್ದೀರಿ? ಹೆಸರಿನ ಮೊದಲ ಅಕ್ಷರ ಸಾಕು’ ಎಂದು ಕೇಳಿ, ಎಣಿಕೆಯನ್ನು ನೀವೇ ಮಾಡಿ.

ಈ ಪ್ರಶ್ನೆಯ ಹಿಂದೆ ಒಂದು ಎಚ್ಚರಿಕೆಯೂ ಇದೆ. ಅಮೆರಿಕದ ರಾಷ್ಟ್ರಮಟ್ಟದ ಸಾಮಾನ್ಯ ಸಾಮಾಜಿಕ ಸಮೀಕ್ಷೆಯಲ್ಲಿ ಇಂಥದೇ ಪ್ರಶ್ನೆಗೆ 1985ರಲ್ಲಿ ಸರಾಸರಿ 2.94 ಹೆಸರು ಬಂದಿದ್ದವು, 2004ರಲ್ಲಿ 2.08. ಯಾರ ಹೆಸರನ್ನೂ ಹೇಳದವರು ಸುಮಾರು ಕಾಲು ಭಾಗಕ್ಕೆ ಏರಿದ್ದರು. 2006ರಲ್ಲಿ ಇದು ಪ್ರಕಟವಾದಾಗ ಸಮಾಜವೇ ಒಂಟಿಯಾಗುತ್ತಿದೆ ಎಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಸಂಶೋಧಕರು ಅದೇ ದತ್ತಾಂಶವನ್ನು ಕೆದಕಿದಾಗ, ‘ಯಾರೂ ಇಲ್ಲ’ ಎಂಬ ಉತ್ತರಗಳು ಕೆಲವೇ ಸಂದರ್ಶಕರ ಬಳಿ ವಿಪರೀತ ಹೆಚ್ಚಾಗಿರುವುದು ಕಂಡಿತು. ಹೆಸರು ಹೇಳಿದಷ್ಟೂ ಆ ಹೆಸರುಗಳ ಬಗ್ಗೆ ಮುಂದಿನ ಪ್ರಶ್ನೆಗಳು ಹೆಚ್ಚುತ್ತಿದ್ದವು, ಹೀಗಾಗಿ ದಣಿದ ಸಂದರ್ಶಕರಿಗೂ ಉತ್ತರಿಸುವವರಿಗೂ ‘ಯಾರೂ ಇಲ್ಲ’ ಎಂಬುದು ಬೇಗ ಮುಗಿಸುವ ದಾರಿ. ಕುಸಿತದಲ್ಲಿ ಎಷ್ಟು ಭಾಗ ನಿಜ, ಎಷ್ಟು ಭಾಗ ಅಳತೆಗೋಲಿನ ದೋಷ ಎಂಬ ವಾದ ಆಗಿನಿಂದ ನಡೆದೇ ಇದೆ. ಪಳಗಿದವರ ಸಮೀಕ್ಷೆಯಲ್ಲೇ ಹೀಗಾಗುತ್ತದೆ. ನಿಮ್ಮ ಫಾರ್ಮ್‌ನಲ್ಲಿ 25 ಪ್ರಶ್ನೆಗಳಿವೆ. 15ರ ನಂತರದ ಉತ್ತರಗಳಲ್ಲಿ ಒಂದೇ ಆಯ್ಕೆ ಸಾಲಾಗಿ ಒತ್ತಿರುವವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ.

ಮೊಬೈಲ್ ಬಳಕೆಯನ್ನು ಅಳೆಯುವುದು ಇದಕ್ಕಿಂತ ಸುಲಭ, ಆದರೆ ‘ದಿನಕ್ಕೆ ಎಷ್ಟು ಗಂಟೆ ಬಳಸುತ್ತೀರಿ?’ ಎಂದರೆ ಬರುವುದು ಅಂದಾಜು. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಪರದೆಯ ಸಮಯದ ಲೆಕ್ಕ ಇರುತ್ತದೆ. ಕಳೆದ 7 ದಿನಗಳ ಸರಾಸರಿ ನೋಡಿ ಬರೆಯಲು ಹೇಳಿ. ಗೆಳತಿಯೊಡನೆ ಒಂದು ಗಂಟೆ ವಿಡಿಯೊ ಕರೆಯಲ್ಲಿದ್ದವರನ್ನೂ ಒಂದು ಗಂಟೆ ರೀಲ್ಸ್ ನೋಡಿದವರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಹಾಗೆ ಹಾಕಿದರೆ ಅಳತೆ ಪ್ರತಿ ಸಲವೂ ಒಂದೇ ಬರಬಹುದು, ಅಂದರೆ ವಿಶ್ವಾಸಾರ್ಹತೆ ಇರಬಹುದು. ಆದರೆ ನೀವು ಅಳೆಯಬೇಕೆಂದದ್ದನ್ನೇ ಅದು ಅಳೆಯುತ್ತಿಲ್ಲ, ಹಾಗಾಗಿ ಸಿಂಧುತ್ವ ಇರುವುದಿಲ್ಲ. ಸದಾ ಎರಡು ಕಿಲೊ ಹೆಚ್ಚು ತೋರಿಸುವ ತಕ್ಕಡಿಯೂ ವಿಶ್ವಾಸಾರ್ಹವೇ, ಸಿಂಧು ಮಾತ್ರ ಅಲ್ಲ.

ಈಗ ‘ಸಿದ್ಧಾಂತ ಎಲ್ಲಿದೆ?’ ಎಂಬ ಪ್ರಶ್ನೆ. ಎರಡನೇ ಅಧ್ಯಾಯದಲ್ಲಿ ಸಮಾಜಶಾಸ್ತ್ರದ ಹಿರಿಯರಾದ ಆಗಸ್ಟ್ ಕಾಂಟ್, ಮಾರ್ಕ್ಸ್, ಡರ್ಖೈಮ್, ವೇಬರ್ ಎಂದು ನಾಲ್ಕು ಪುಟ ಬರೆದು, ಮತ್ತೆ ಅವರ ಹೆಸರನ್ನೇ ಎತ್ತದಿರುವುದು ಸಿದ್ಧಾಂತವಲ್ಲ, ಅದು ಹಾರ ಹಾಕಿದ ಪಟ. ಸಿದ್ಧಾಂತ ಮಾಡುವ ಕೆಲಸ ಒಂದೇ: ಏನನ್ನು ಹುಡುಕಬೇಕು, ಯಾಕೆ ಅಲ್ಲಿ ಹುಡುಕಬೇಕು ಎಂದು ಹೇಳುವುದು. ಸಿದ್ಧಾಂತ ಬದಲಾದರೆ ನಿಮ್ಮ ಪ್ರಶ್ನಾವಳಿಯೂ ಬದಲಾಗಬೇಕು. ಬದಲಾಗದಿದ್ದರೆ ನೀವು ಸಿದ್ಧಾಂತವನ್ನು ಬಳಸಿಲ್ಲ.

ಕಾರ್ಯವಾದದ ಕಣ್ಣಿನಿಂದ ನೋಡಿದರೆ, ಮೊಬೈಲು ಸಮಾಜದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದು ಮುಖ್ಯ. ರಾಬರ್ಟ್ ಮರ್ಟನ್ 1949ರಲ್ಲಿ ವ್ಯಕ್ತ ಪ್ರಕಾರ್ಯ (ಉದ್ದೇಶಿಸಿದ ಪರಿಣಾಮ), ಸುಪ್ತ ಪ್ರಕಾರ್ಯ (ಉದ್ದೇಶಿಸದ ಪರಿಣಾಮ) ಎಂದು ಬೇರ್ಪಡಿಸಿದ್ದು ಇಲ್ಲಿ ನೆರವಾಗುತ್ತದೆ. ಪಾಠದ ಮಾಹಿತಿ ಹಂಚಲೆಂದು ಮಾಡಿದ ತರಗತಿಯ ಗುಂಪು ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಗೆರೆಯನ್ನೂ ಎಳೆಯುತ್ತದೆ, ಹಾಗೆ ಮಾಡಬೇಕೆಂದು ಯಾರೂ ಅಂದುಕೊಂಡಿರದಿದ್ದರೂ. ಸಂಘರ್ಷ ಸಿದ್ಧಾಂತದವರು ಬೇರೆಡೆಗೆ ಕೈ ತೋರಿಸುತ್ತಾರೆ: ಸ್ವಂತ ಫೋನ್ ಯಾರಿಗಿದೆ, ಮನೆಯವರೊಡನೆ ಹಂಚಿಕೊಳ್ಳುವವರು ಯಾರು, ಓದಿನ ಜೊತೆ ದುಡಿಯುವವರಿಗೆ ಗೆಳೆತನಕ್ಕೆ ಉಳಿಯುವ ಹೊತ್ತೆಷ್ಟು, ಬಳಕೆದಾರರ ಗಮನವನ್ನು ಹಿಡಿದಿಟ್ಟು ಲಾಭ ಮಾಡುವವರು ಯಾರು. ನಿಮ್ಮ 25 ಪ್ರಶ್ನೆಗಳಲ್ಲಿ ಕುಟುಂಬದ ಆದಾಯ, ದುಡಿಮೆ, ಫೋನಿನ ಒಡೆತನದ ಬಗ್ಗೆ ಒಂದಾದರೂ ಇಲ್ಲದಿದ್ದರೆ ಈ ಸಿದ್ಧಾಂತದ ಹೆಸರನ್ನು ಎತ್ತಲೇಬೇಡಿ.

ಹರ್ಬರ್ಟ್ ಬ್ಲೂಮರ್ 1937ರಲ್ಲಿ ಹೆಸರಿಟ್ಟ ಸಾಂಕೇತಿಕ ಅಂತಃಕ್ರಿಯಾವಾದಕ್ಕೆ ಬಂದರೆ ಪ್ರಶ್ನಾವಳಿಯೇ ಕೈಬಿಟ್ಟುಹೋಗಬಹುದು. ಸಂದೇಶ ಓದಿಯೂ ಉತ್ತರಿಸದಿದ್ದರೆ ಅದಕ್ಕೆ ಏನು ಅರ್ಥ? ಒಬ್ಬರಿಗೆ ಅದು ಅವಮಾನ, ಇನ್ನೊಬ್ಬರಿಗೆ ‘ಆಮೇಲೆ ಮಾತಾಡೋಣ’. ಆ ಅರ್ಥ ಇಬ್ಬರ ನಡುವೆ ಹೇಗೆ ಹುಟ್ಟಿತು ಎಂಬುದನ್ನು ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗಿನ ಐದು ಗುಂಡಿಗಳು ಹಿಡಿಯಲಾರವು. ಅದಕ್ಕೆ ಎದುರು ಕುಳಿತು ಮಾತಾಡಬೇಕು. ವಿಧಾನವನ್ನು ಆರಿಸುವುದು ನಮ್ಮ ಇಷ್ಟವಲ್ಲ, ನಾವು ಕೇಳುವ ಪ್ರಶ್ನೆಯೇ ಅದನ್ನು ಆರಿಸುತ್ತದೆ ಎಂಬ ಮಾತಿನ ಅರ್ಥ ಇದೇ. ‘ಎಷ್ಟು ಮಂದಿ, ಯಾರಲ್ಲಿ ಹೆಚ್ಚು’ ಎಂದಾದರೆ ಸಮೀಕ್ಷೆ. ‘ಹೇಗೆ, ಅವರಿಗೆ ಇದರ ಅರ್ಥವೇನು’ ಎಂದಾದರೆ ಸಂದರ್ಶನ ಇಲ್ಲವೇ ಸಹಭಾಗಿ ಅವಲೋಕನ, ಅಂದರೆ ಅವರೊಡನೆ ಬೆರೆತು ಗಮನಿಸುವುದು.

ಪರಿಕಲ್ಪನೆ, ಸೂಚಕ, ಸಿದ್ಧಾಂತ ಮೂರೂ ಹೆಣೆದುಕೊಂಡಿರುವುದನ್ನು ಕಾಣಬೇಕಾದರೆ ಡರ್ಖೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನವನ್ನು ನೋಡಿ. ಅವರು ಒಬ್ಬೊಬ್ಬರ ದುಃಖದ ಕಥೆಗೆ ಹೋಗಲಿಲ್ಲ, ಗುಂಪುಗಳ ದರಗಳನ್ನು ಹಿಡಿದರು. ಮಾನಸಿಕ ಕಾಯಿಲೆ, ಹವಾಮಾನ, ಅನುಕರಣೆ ಎಂಬ ಎದುರಾಳಿ ವಿವರಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟರು. ಪ್ರಾಟೆಸ್ಟೆಂಟರಲ್ಲಿ ಕ್ಯಾಥೊಲಿಕರಿಗಿಂತ, ಅವಿವಾಹಿತರಲ್ಲಿ ವಿವಾಹಿತರಿಗಿಂತ ದರ ಹೆಚ್ಚು ಎಂಬುದನ್ನು ಸಾಮಾಜಿಕ ಏಕೀಕರಣದ, ಅಂದರೆ ವ್ಯಕ್ತಿಯನ್ನು ಗುಂಪಿಗೆ ಬೆಸೆಯುವ ನಂಟಿನ, ಕೊರತೆಗೆ ಜೋಡಿಸಿದರು. ಎದುರಾಳಿ ವಿವರಣೆಯನ್ನು ತಾವೇ ಕರೆದು ಕೂರಿಸುವುದನ್ನು ಅವರಿಂದ ಕಲಿಯಬಹುದು. ಅವರ ದೋಷದಿಂದ ಕಲಿಯುವುದೂ ಇದೆ. ಅವರು ಸರ್ಕಾರಿ ದಾಖಲೆಗಳನ್ನು ನಂಬಿದರು. ಒಂದು ಸಾವನ್ನು ಆತ್ಮಹತ್ಯೆ ಎಂದು ಬರೆಯಬೇಕೋ ಅಪಘಾತ ಎಂದೋ ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಅದನ್ನು ಮುಚ್ಚಿಡುವ ಒತ್ತಡ ಹೆಚ್ಚಿರುವ ಸಮುದಾಯದಲ್ಲಿ ದಾಖಲಾದ ದರ ತಾನಾಗಿ ಕಡಿಮೆ ಕಾಣುತ್ತದೆ. ಇನ್ನೊಂದು, ಗುಂಪಿನ ಅಂಕಿಯಿಂದ ವ್ಯಕ್ತಿಯ ಬಗ್ಗೆ ಹೇಳಲು ಹೋದರೆ ಎಡವುತ್ತೇವೆ. 1950ರಲ್ಲಿ ಡಬ್ಲ್ಯು. ಎಸ್. ರಾಬಿನ್ಸನ್ ಅಮೆರಿಕದ 1930ರ ಜನಗಣತಿಯಿಂದ ಇದನ್ನು ತೋರಿಸಿದರು. ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು, ಆದರೆ ವ್ಯಕ್ತಿಗಳನ್ನು ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಹೆಚ್ಚಿತ್ತು. ಅವರು ನೆಲೆಸಿದ್ದು ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ, ಅಷ್ಟೇ.

ಪ್ರಶ್ನೆಗಳ ಮಾತಿನ ಬಗ್ಗೆ ಚುಟುಕಾಗಿ. ‘ಮೊಬೈಲಿನಿಂದ ನಿಮ್ಮ ಓದು ಮತ್ತು ಗೆಳೆತನಕ್ಕೆ ತೊಂದರೆಯಾಗಿದೆಯೇ?’ ಎಂಬಂಥ ಜೋಡಿ ಪ್ರಶ್ನೆಗಳನ್ನು ಒಡೆಯಿರಿ. ‘1–3 ಗಂಟೆ, 3–5 ಗಂಟೆ’ ಎಂದು ಬರೆದರೆ ಸರಿಯಾಗಿ 3 ಗಂಟೆ ಬಳಸುವವರು ಎಲ್ಲಿಗೆ ಹೋಗಬೇಕು? ಪದಗಳ ಭಾರವನ್ನೂ ಗಮನಿಸಿ. ಡೊನಾಲ್ಡ್ ರಗ್ 1941ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡಲು ‘ಅನುಮತಿ ಕೊಡಬೇಕೇ?’ ಎಂದಾಗ ಶೇ 62 ಮಂದಿ ಕೊಡಬಾರದು ಎಂದರು. ‘ನಿಷೇಧಿಸಬೇಕೇ?’ ಎಂದಾಗ ಹೌದು ಎಂದವರು ಶೇ 46 ಮಾತ್ರ. ತರ್ಕದ ಪ್ರಕಾರ ಎರಡೂ ಒಂದೇ. ಇಂಥವನ್ನು ಹಿಡಿಯಲು 10–15 ಜನರ ಮೇಲೆ ಪೂರ್ವ ಪರೀಕ್ಷೆ ಮಾಡಿ. ತುಂಬಿಸಿಕೊಂಡು ಸುಮ್ಮನಾಗಬೇಡಿ, ‘ಈ ಪ್ರಶ್ನೆ ಏನು ಕೇಳುತ್ತಿದೆ ಎಂದುಕೊಂಡಿರಿ?’ ಎಂದು ವಿಚಾರಿಸಿ. ಆ 15 ಜನರ ಉತ್ತರಗಳನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬಾರದು.

ಇನ್ನು ನಮೂನೆ. ನಿಮ್ಮದು ಅನುಕೂಲ ನಮೂನೆ, ಅಂದರೆ ಕೈಗೆ ಸಿಕ್ಕವರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೊಬೈಲ್ ಬಳಕೆಯನ್ನು ಅಳೆಯುವ ಫಾರ್ಮನ್ನು ಮೊಬೈಲಿನಲ್ಲೇ ಕಳುಹಿಸಿದ್ದೀರಿ! ಹೆಚ್ಚು ಹೊತ್ತು ಫೋನ್ ಹಿಡಿದಿರುವವರಿಗೆ ಅದು ಬೇಗ ಕಂಡಿತು, ಅಪರೂಪಕ್ಕೆ ನೋಡುವವರಿಗೆ ನೂರು ಸಂದೇಶಗಳ ಕೆಳಗೆ ಹೂತುಹೋಯಿತು. ನೀವು ಹೋಲಿಸಬೇಕಾದ ಎರಡು ಗುಂಪುಗಳಲ್ಲಿ ಒಂದು ಗುಂಪು ಬಾಗಿಲಲ್ಲೇ ಉಳಿಯಿತು. ಫಾರ್ಮ್ ಎಷ್ಟು ಜನರಿಗೆ ತಲುಪಿತು ಎಂಬುದು ಗೊತ್ತಿಲ್ಲದ ಕಾರಣ ಪ್ರತಿಕ್ರಿಯೆಯ ದರವನ್ನೂ ಹೇಳಲಾರಿರಿ.

ಸಂಖ್ಯೆ ಹೆಚ್ಚಿಸಿದರೆ ಇದು ವಾಸಿಯಾಗುವುದಿಲ್ಲ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯೇ ಸಾಕ್ಷಿ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದಂಥ ಕಾಗದ ಕಳುಹಿಸಿತು, 23 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಸಾರಿತು. ರೂಸ್‌ವೆಲ್ಟ್ ಸುಮಾರು ಶೇ 61 ಮತ ಪಡೆದರು, ಲ್ಯಾಂಡನ್‌ಗೆ ದಕ್ಕಿದ್ದು ಎರಡೇ ರಾಜ್ಯ. ವಿಳಾಸಗಳನ್ನು ಆರಿಸಿದ್ದು ದೂರವಾಣಿ ಪಟ್ಟಿ, ಕಾರು ನೋಂದಣಿಯಂಥ ಕಡೆಗಳಿಂದ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅವು ಅನುಕೂಲಸ್ಥರ ಬಳಿ ಇದ್ದವು. ಜೊತೆಗೆ, ಕಾಗದ ಸಿಕ್ಕವರಲ್ಲೂ ವಾಪಸ್ ಕಳುಹಿಸಿದವರು ಕಳುಹಿಸದವರಿಗಿಂತ ಬೇರೆ ಒಲವಿನವರಾಗಿದ್ದರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅದರ ಒಂದು ಚೂರು ಗಾತ್ರದ ನಮೂನೆಯಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಯಾದೃಚ್ಛಿಕ ನಮೂನೆ ಎಂದರೆ ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಕೇಳುವುದಲ್ಲ. ಸಮಗ್ರದಲ್ಲಿರುವ, ಅಂದರೆ ಅಧ್ಯಯನ ಯಾರ ಬಗ್ಗೆಯೋ ಆ ಇಡೀ ಗುಂಪಿನಲ್ಲಿರುವ, ಪ್ರತಿಯೊಬ್ಬರಿಗೂ ಆಯ್ಕೆಯಾಗುವ, ಮೊದಲೇ ಗೊತ್ತಿರುವ ಅವಕಾಶ ಇರಬೇಕು. ನಿಮಗೆ ಸುಲಭವಾದದ್ದು ಕ್ರಮಬದ್ಧ ನಮೂನೆ. ಮೊದಲು ಸಮಗ್ರವನ್ನು ಕಿರಿದು ಮಾಡಿ: ‘ಯುವಜನ’ ಬೇಡ, ‘ನಮ್ಮ ಕಾಲೇಜಿನ ಪದವಿ ವಿದ್ಯಾರ್ಥಿಗಳು’ ಸಾಕು. ಅವರ ಹಾಜರಿ ಪಟ್ಟಿ ಪಡೆಯಿರಿ. ಪಟ್ಟಿಯಲ್ಲಿ 1,200 ಹೆಸರಿದ್ದು ನಿಮಗೆ 120 ಬೇಕಾದರೆ ಅಂತರ 10. 1ರಿಂದ 10ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ. 7 ಬಂದರೆ 7, 17, 27 ಎಂದು ಮುಂದುವರಿಯಿರಿ. 17ನೆಯವರು ಸಿಗಲಿಲ್ಲವೆಂದು 18ನೆಯವರನ್ನು ಹಿಡಿಯಬೇಡಿ, 17ನೆಯವರನ್ನೇ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹುಡುಕಿ. ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ದಾಖಲಿಸಿ. ಸುಲಭವಾಗಿ ಸಿಗದವರು ಹಲವು ವಿಷಯಗಳಲ್ಲಿ ಸಿಗುವವರಿಗಿಂತ ಬೇರೆಯೇ ಇರುತ್ತಾರೆ.

ಗಾತ್ರದ ಲೆಕ್ಕ ಸರಳ. ಶೇ 95 ವಿಶ್ವಾಸ ಮಟ್ಟದಲ್ಲಿ, ದೊಡ್ಡ ಸಮಗ್ರಕ್ಕೆ, 1 ಅನ್ನು ನಮೂನೆಯ ವರ್ಗಮೂಲದಿಂದ ಭಾಗಿಸಿದರೆ ತಪ್ಪಿನ ಅಂಚು (ನಿಜವಾದ ಅಂಕಿ ಎಷ್ಟು ಆಚೀಚೆ ಇರಬಹುದು ಎಂಬುದು) ಹತ್ತಿರಹತ್ತಿರ ಸಿಗುತ್ತದೆ. 100 ಜನರಿಗೆ ±10 ಶೇಕಡಾ ಅಂಶ, 400ಕ್ಕೆ ±5. ಅಂಚು ಅರ್ಧವಾಗಬೇಕಾದರೆ ಜನ ನಾಲ್ಕು ಪಟ್ಟು. ನಿಮ್ಮ 212 ಯಾದೃಚ್ಛಿಕವಾಗಿ ಬಂದಿದ್ದರೆ ±7 ಎನ್ನಬಹುದಿತ್ತು. ಹಾಗೆ ಬಂದಿಲ್ಲವಾದ್ದರಿಂದ ಈ ಸೂತ್ರವನ್ನು ಅದಕ್ಕೆ ಹಚ್ಚುವುದೇ ತಪ್ಪು. ಒಳಗುಂಪುಗಳಲ್ಲಿ ಇನ್ನೂ ಹುಷಾರಾಗಿರಿ: 30 ಜನರ ಗುಂಪಿನಲ್ಲಿ ಅಂಚು ±18.

ವಿಶ್ಲೇಷಣೆಗೆ ಅಡ್ಡಕೋಷ್ಟಕ ಸಾಕು, ಅಂದರೆ ಒಂದು ಚಲಕವನ್ನು ಸಾಲುಗಳಲ್ಲಿ, ಇನ್ನೊಂದನ್ನು ಕಾಲಂಗಳಲ್ಲಿ ಇಟ್ಟ ಪಟ್ಟಿ. ಸ್ವತಂತ್ರ ಚಲಕದ (ಕಾರಣವಿರಬಹುದೆಂದು ನೀವು ಊಹಿಸಿದ್ದು, ಇಲ್ಲಿ ಮೊಬೈಲ್ ಬಳಕೆ) ಪ್ರತಿ ಗುಂಪಿನೊಳಗೆ ಶೇಕಡಾ ತೆಗೆಯಿರಿ, ಆಮೇಲೆ ಗುಂಪುಗಳನ್ನು ಹೋಲಿಸಿ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಹೆಚ್ಚು ಬಳಸುವ 100 ಜನರಲ್ಲಿ 51 ಮಂದಿಗೆ ಒಂಟಿತನ, ಕಡಿಮೆ ಬಳಸುವ 100ರಲ್ಲಿ 39 ಮಂದಿಗೆ. 12 ಅಂಶಗಳ ವ್ಯತ್ಯಾಸ, ‘ಮೊಬೈಲೇ ಕಾರಣ’ ಎಂದು ಬರೆಯಲು ಕೈ ತುರಿಸುತ್ತದೆ. ಈಗ ಮೂರನೆಯ ಚಲಕವನ್ನು ತನ್ನಿ: ಮನೆಯಿಂದ ದೂರ ಇದ್ದು ಓದುವವರು, ಮನೆಯಲ್ಲೇ ಇರುವವರು. ದೂರ ಇರುವವರಲ್ಲಿ ಹೆಚ್ಚು ಬಳಸುವವರು 70, ಅವರಲ್ಲಿ ಒಂಟಿ 42. ಕಡಿಮೆ ಬಳಸುವವರು 30, ಒಂಟಿ 18. ಎರಡೂ ಶೇ 60. ಮನೆಯಲ್ಲಿರುವವರಲ್ಲಿ ಹೆಚ್ಚು ಬಳಸುವ 30ರಲ್ಲಿ 9, ಕಡಿಮೆ ಬಳಸುವ 70ರಲ್ಲಿ 21. ಎರಡೂ ಶೇ 30. ವ್ಯತ್ಯಾಸ ಮಾಯ. ಮನೆಯಿಂದ ದೂರವಿರುವುದೇ ಫೋನನ್ನೂ ಹೆಚ್ಚಿಸಿತ್ತು, ಒಂಟಿತನವನ್ನೂ ಹೆಚ್ಚಿಸಿತ್ತು. ನಿಮ್ಮ ದತ್ತಾಂಶದಲ್ಲಿ ಹೀಗೇ ಆಗುತ್ತದೆಂದಲ್ಲ, ವ್ಯತ್ಯಾಸ ಉಳಿಯಲೂಬಹುದು. ಆದರೆ ‘ಎಲ್ಲಿ ವಾಸ?’ ಎಂದು ನೀವು ಕೇಳಿರದಿದ್ದರೆ ಪರೀಕ್ಷಿಸಲು ದಾರಿಯೇ ಇಲ್ಲ. ವ್ಯತ್ಯಾಸ ಉಳಿದರೂ ದಿಕ್ಕಿನ ಪ್ರಶ್ನೆ ಇದ್ದೇ ಇರುತ್ತದೆ: ಫೋನಿನಿಂದ ಒಂಟಿಯಾದರೋ, ಒಂಟಿಯಾಗಿದ್ದಕ್ಕೆ ಫೋನ್ ಹಿಡಿದರೋ?

ಸಮಯ ಕಡಿಮೆ ಇದ್ದರೆ ನನ್ನ ಸಲಹೆ ಇದು. 212 ಉತ್ತರಗಳನ್ನು ‘ಅನ್ವೇಷಣಾತ್ಮಕ ಸಮೀಕ್ಷೆ, ಅನುಕೂಲ ನಮೂನೆ’ ಎಂದು ಕರೆದು ಇಟ್ಟುಕೊಳ್ಳಿ, ‘ಯುವಜನರು ಹೀಗಿದ್ದಾರೆ’ ಎನ್ನುವ ಜಾಗದಲ್ಲೆಲ್ಲ ‘ಉತ್ತರಿಸಿದವರಲ್ಲಿ’ ಎಂದು ಬರೆಯಿರಿ. ಜೊತೆಗೆ 8–10 ಸಂದರ್ಶನ ಮಾಡಿ. ಇಲ್ಲಿ ಯಾದೃಚ್ಛಿಕತೆ ಬೇಡ, ಬೇರೆ ಬೇರೆ ಬಗೆಯವರನ್ನು ಉದ್ದೇಶಪೂರ್ವಕವಾಗಿ ಆರಿಸಿ, ಫೋನ್ ಕಡಿಮೆ ಬಳಸುವವರು ಮೂವರಾದರೂ ಇರಲಿ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು 4ರಿಂದ 6 ಗಂಟೆ ಹಿಡಿಯುತ್ತದೆ, ಅದನ್ನು ಲೆಕ್ಕದಲ್ಲಿಡಿ. ಧ್ವನಿ ಮುದ್ರಿಸಿಕೊಳ್ಳುವ ಮೊದಲು ಒಪ್ಪಿಗೆ ಕೇಳಿ, ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ತಿಳಿಸಿ, ಬರಹದಲ್ಲಿ ಹೆಸರು ಬದಲಿಸಿ. ಮತ್ತೆ, ನಿಮ್ಮ ಗೂಗಲ್ ಫಾರ್ಮ್ ಇಮೇಲ್ ವಿಳಾಸ ಸಂಗ್ರಹಿಸುತ್ತಿದೆಯೇ ಎಂದು ಇವತ್ತೇ ನೋಡಿ. ‘ಹೆಸರು ಬೇಡ’ ಎಂದು ಹೇಳಿ ವಿಳಾಸ ತೆಗೆದುಕೊಂಡಿದ್ದರೆ ಉತ್ತರದ ಹಾಳೆಯ ಆ ಕಾಲಂ ಅಳಿಸಿ, ಆಮೇಲೆ ಬೇರೆ ಕೆಲಸ.